ತಡೀರಿ, ಇನ್ನೊಂದು!

ಎಳ್ಳ ಅಮವಾಸ್ಯೆಯ ದಿನ ರೋಣದ ಎರಿ ಹೊಲಗಳಲ್ಲಿ ಭೂಮಿತಾಯಿಗೆ ಒಂದು ಸಲ ಉಣಬಡಿಸುವುದು ರೂಢಿ. ಎರಡು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಆಕೆ ಆರು ಸಲ ಉಂಡಳು. ಇದರಿಂದ ನಮ್ಮ ಮನೆಯವರ ಭಕ್ತಿ ಊರವರಿಗಿಂತ ಆರು ಪಟ್ಟು ಹೆಚ್ಚೆಂದು ಯಾರೂ ತಿಳಿಯಬಾರದು. ಚರಗ ಚೆಲ್ಲುವ ಹೊತ್ತಿಗೆ ಕಾಕಾ ಮೊಬೈಲ್ ಹಿಡಿದು ನಿಂತಿದ್ದ, ಅಷ್ಟೆ.

ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ ಪಾಂಡವರೆಂದು ಪೂಜೆ ಮುಗಿದಿತ್ತು. ಸಜ್ಜಿ ಕಡಬು, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ ಎಲ್ಲ ಕೂಡಿಸಿದ ಬುಟ್ಟಿ ಹಿಡಿದು ಅಪ್ಪ ಕಡಲೆ ಸಾಲಿನ ಮೇಲೆ ಒಂದು ಹಿಡಿ ಬೀರಿದ. ಆ ಮೊದಲ ಹಿಡಿಗೆ ಕಾಕಾನ ಕ್ಯಾಮೆರಾ ಉಲ್ಟಾ ತಿರುಗಿತ್ತು. ಫೋಟೋದಲ್ಲಿ ಅವನದೇ ಮೂಗಿನ ಹೊಳ್ಳೆ ಬಂತು. ಎರಡನೆಯದಕ್ಕೆ ಸೂರ್ಯ ಎದುರಿಗಿದ್ದ, ಅಪ್ಪ ಹೊಲದ ಬೆದರುಗೊಂಬೆಯಂತೆ ಕರ್ರಗೆ ಬಂದ. ಮೂರನೆಯದಕ್ಕೆ ಅನ್ನ ಇನ್ನೂ ಕೈಬಿಟ್ಟಿರಲಿಲ್ಲ, ನಾಲ್ಕನೆಯದಕ್ಕೆ ನೆಲ ಮುಟ್ಟಿಬಿಟ್ಟಿತ್ತು. ಅನ್ನ ಗಾಳಿಯಲ್ಲಿರಬೇಕು, ಅಪ್ಪನ ಮುಖದಲ್ಲಿ ಭಕ್ತಿ ಇರಬೇಕು, ಹಿಂದೆ ಎತ್ತು ಕಾಣಬೇಕು ಎಂಬುದು ಕಾಕಾನ ಹಟ. ಐದನೆಯ ಹಿಡಿಗೆ ಎಲ್ಲವೂ ಕೂಡಿಬಂದವು; ಅದೇ ಗಳಿಗೆಗೆ ಸಾಲ ಬೇಕೇನು ಸರ್ ಎಂದು ಎಲ್ಲಿಂದಲೋ ಫೋನ್ ಬಂದು ಕ್ಯಾಮೆರಾ ಮುಚ್ಚಿಕೊಂಡಿತು.

"ತಡೀರಿ, ಇನ್ನೊಂದು!"

ಬಂಡಿಯ ನೆರಳಿಗೆ ಕುಳಿತಿದ್ದ ಆಯಿ ಅಂದಳು: "ಬಿಡ್ರೋ, ಆಕಿಗೂ ಅಜೀರ್ಣ ಆಗತೈತಿ." ಆರನೆಯ ಹಿಡಿಗೆ ಬುಟ್ಟಿಯ ತಳ ಕಂಡಿತು. ಹುಡುಗರು ಒಣ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಹಬ್ಬ ಮಾಡಿದರು. ಆ ವರ್ಷ ನಮ್ಮ ಕಡಲೆ ಬಾಜು ಹೊಲದವರ ಕಡಲೆಯಷ್ಟೇ ಬೆಳೆಯಿತು, ಒಂದು ಸೇರೂ ಹೆಚ್ಚಿಲ್ಲ.

ಕಾಕಾನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೆಂಗಳೂರಿನ ಓದುಗರು ಬೇಸರಿಸಬಾರದು. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಏನೋ ಜಗಳ ಆಗಿದೆ, ಆಸ್ತಿ ಪಾಲಿನ ಮಾತು ಬಂದಿದೆ ಎಂದೇ ಅರ್ಥ. ಹೆಸರನ್ನೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಯಾಕೆಂದರೆ ಅವನು ನಿಮ್ಮ ಮನೆಯಲ್ಲೂ ಇದ್ದಾನೆ. ನರಗುಂದದಲ್ಲಿ ಅವನು ಪಿಗ್ಮಿ ಕಟ್ಟಿಸಿಕೊಳ್ಳುವವನಾಗಿರಬಹುದು, ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರಿ, ಹೊಳೆಆಲೂರಿನಲ್ಲಿ ನಿವೃತ್ತ ಮಾಸ್ತರ. ನಮ್ಮವನು ಸೊಸೈಟಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ಮನೆಗೆ ಬಂದವನು. ಧೋತರ, ನೆಹರೂ ಶರ್ಟು, ಕೊರಳಲ್ಲಿ ದಾರಕ್ಕೆ ಇಳಿಬಿದ್ದ ಮೊಬೈಲ್. ಅವನ ಅಪ್ಪ ಎಲೆ, ಅಡಕಿ, ಸುಣ್ಣದ ಡಬ್ಬಿ ಇಟ್ಟುಕೊಳ್ಳುತ್ತಿದ್ದ ಮೂರು ಪದರಿನ ಸಂಚಿ ಈಗ ಇವನ ಸೊಂಟದಲ್ಲಿದೆ. ಒಂದು ಪದರಿನಲ್ಲಿ ಪವರ್ ಬ್ಯಾಂಕ್, ಇನ್ನೊಂದರಲ್ಲಿ ವಾಯರ್, ಮೂರನೆಯದರಲ್ಲಿ ಕನ್ನಡಕ ಒರೆಸುವ ಅರಿವೆ. ಅದೇ ಅರಿವೆಯಿಂದ ಲೆನ್ಸನ್ನೂ ಒರೆಸುತ್ತಾನೆ, ಒಮ್ಮೊಮ್ಮೆ ಮುಖವನ್ನೂ.

"ನೆನಪು ಉಳೀಬೇಕಲೇ ತಮ್ಮಾ," ಎನ್ನುವುದು ಅವನ ಮಂತ್ರ. ಹಾಗೆಂದು ತೆಗೆದದ್ದನ್ನೆಲ್ಲ ಎಲ್ಲಿಡುತ್ತಾನೆ? ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ. ಸ್ಟೇಟಸ್ಸಿನ ಆಯುಷ್ಯ 24 ತಾಸು. ನಮ್ಮ ಹಿತ್ತಲ ದಾಸವಾಳ ಸಹ ಒಂದು ಹಗಲು ಅರಳಿ ಸಂಜೆಗೆ ಮುದುಡುತ್ತದೆ. ಕಾಕಾನ ಶಾಶ್ವತ ನೆನಪಿಗೆ ಅದಕ್ಕಿಂತ ಒಂದು ರಾತ್ರಿ ಮಾತ್ರ ಹೆಚ್ಚು.

ಅವನು ಮೊದಲಿನಿಂದ ಹೀಗಿರಲಿಲ್ಲ. ಎಂಬತ್ತರ ದಶಕದಲ್ಲಿ ಹಾಟ್ ಶಾಟ್ ಎಂಬ ಕರೀ ಪ್ಲಾಸ್ಟಿಕ್ ಕ್ಯಾಮೆರಾ ಮನೆಗೆ ತಂದಾಗ ಕಾಕಾನಷ್ಟು ಜಿಪುಣ ಫೋಟೋಗ್ರಾಫರ್ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ರೋಲಿಗೆ 36 ಫೋಟೋ. ರೋಲು ಕೊಳ್ಳಲು ರೊಕ್ಕ, ತೊಳೆಸಲು ರೊಕ್ಕ, ಪ್ರಿಂಟು ಹಾಕಿಸಲು ಮತ್ತೆ ರೊಕ್ಕ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ರೋಲಿಗೆ ಒಂದು ವರ್ಷ ಆಯುಷ್ಯ. ಪಂಚಮಿಯ ಜೋಕಾಲಿಗೆ ಎರಡು, ದಸರೆಯ ಬನ್ನಿಗೆ ಒಂದು, ಸೀಗಿ ಹುಣ್ಣಿಮೆಗೆ ಒಂದು, ದೀಪಾವಳಿಗೆ ಎರಡು ಎಂದು ಹಬ್ಬಗಳಿಗೆ ರೇಶನ್ ಇತ್ತು. ಕಾಕಾ ಕ್ಯಾಮೆರಾ ಕಣ್ಣಿಗೆ ಹಚ್ಚಿ, ಉಸಿರು ಹಿಡಿದು, ಮತ್ತೆ ಇಳಿಸಿ, "ಬ್ಯಾಡ, ಸಂಕ್ರಮಣಕ್ಕ ಬೇಕಾಗತೈತಿ," ಎಂದು ಹೋಗಿಬಿಡುತ್ತಿದ್ದ. ನಕ್ಕ ನಗು ನಮ್ಮ ಮುಖದಲ್ಲೇ ಒಣಗುತ್ತಿತ್ತು. ಗದಗಿನಿಂದ ರೋಲು ತೊಳೆದು ಬಂದ ದಿನ ಓಣಿಯೇ ನಮ್ಮ ಪಡಸಾಲೆಯಲ್ಲಿ. ಒಂದೇ ಲಕೋಟೆಯಲ್ಲಿ ಆಷಾಢದ ಮೋಡ, ಮಾಗಿಯ ಕೌದಿ, ಹೋಳಿಯ ಬಣ್ಣ ಒಂದರ ಹಿಂದೊಂದು ಬರುತ್ತಿದ್ದವು. ಯಾರದೋ ಮಗು ಮೊದಲ ಫೋಟೋದಲ್ಲಿ ತೊಟ್ಟಿಲಲ್ಲಿದ್ದು ಮೂವತ್ತನೆಯದರಲ್ಲಿ ಎದ್ದು ನಿಂತಿರುತ್ತಿತ್ತು.

ಒಂದು ವರ್ಷದ ರೋಲನ್ನು, ಒಳಗೆ ಏನಿದೆ ನೋಡೋಣವೆಂದು, ಅಂಗಳದ ಬಿಸಿಲಿನಲ್ಲಿ ಒಬ್ಬ ಹುಡುಗ ಬಿಚ್ಚಿದ. ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವೇ ಆಗಲಿಲ್ಲ ಎಂಬುದಕ್ಕೆ ಕಾಕಾನ ಆಲ್ಬಮ್ಮೇ ಸಾಕ್ಷಿ: ಎರಡು ಪುಟ ಖಾಲಿ ಬಿಟ್ಟಿದ್ದಾನೆ. ಆ ಹುಡುಗ ನಾನೇ. ಈಗಲೂ ಮನೆಗೆ ಹೊಸ ಅಳಿಯ ಬಂದರೆ ಆಲ್ಬಂ ತೆರೆದು ಆ ಖಾಲಿ ಪುಟವನ್ನು ಮೊದಲು ತೋರಿಸುತ್ತಾನೆ.

ನಮ್ಮ ಸೀಮೆಗೆ ಫೋಟೋ ಹುಚ್ಚು ಹೊಸದೇನೂ ಅಲ್ಲ. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ಸಾಹೇಬರು ಧಾರವಾಡ–ಮೈಸೂರು ಸೀಮೆಯ ಗುಡಿಗಳ ಫೋಟೋ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು, ಮೆಡೋಸ್ ಟೇಲರ್ ಅದಕ್ಕೆ ಇತಿಹಾಸ ಬರೆದ. ಗದಗ, ಲಕ್ಕುಂಡಿಯ ಕಂಬಗಳು ಅದರಲ್ಲಿವೆ. ಆ ಕಾಲದ ಕ್ಯಾಮೆರಾ ಬಲು ನಿಧಾನ. ಅಲುಗಿದವರು ಮಬ್ಬಾಗುತ್ತಿದ್ದರು, ಹಾಗಾಗಿ ಕಲ್ಲಿನ ಗುಡಿಯೇ ಒಳ್ಳೆಯ ಗಿರಾಕಿ. ಇದನ್ನು ಹೇಳಿದಾಗ ಕಾಕಾ, "ನೋಡು, ಅದಕ್ಕ ನಾ ನಿಮಗ ಅಲಗಬ್ಯಾಡ್ರಿ ಅನ್ನೂದು," ಎಂದು ಆ ಮೂವರನ್ನೂ ತನ್ನ ಕಡೆಗೆ ಸೇರಿಸಿಕೊಂಡ. ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ನಮ್ಮ ರೋಣದಲ್ಲೇ ಹುಟ್ಟಿದರೆಂಬ ಮಾತು ಬಂದಾಗಲಂತೂ ಅವನಿಗೆ ನಿಜವಾದ ಸಂಕಟ: "ಒಂದು ತೊಟ್ಟಲದ ಫೋಟೋ ಯಾರರೆ ತಗಿಬೇಕಿತ್ತಲೇ."

ಜನವರಿ ಬಂತೆಂದರೆ ಕಾಕಾನ ಹೂವಿನ ಕಾಲ ಸುರು. ನಮ್ಮ ಬಯಲು ಸೀಮೆಯಲ್ಲಿ ಹೂವೆಂದರೆ ಹೂದೋಟವಲ್ಲ, ಬೆಳೆ. ಕಡಲೆ ಹೂ ಎಲೆಯ ಸಂದಿಯಲ್ಲಿ ಸಾಸಿವೆಯಷ್ಟು ನಾಚಿಕೊಂಡು ಬಿಡುತ್ತದೆ. ಹತ್ತಿ ಹೂ ಮೊದಲ ದಿನ ಹಳದಿ, ಮರುದಿನಕ್ಕೆ ಗುಲಾಬಿ; ಒಂದೇ ಗಿಡದಲ್ಲಿ ನಿನ್ನೆ ಇವತ್ತು ಎರಡೂ ನೇತಾಡುತ್ತಿರುತ್ತವೆ. ಇವೆಲ್ಲ ಕಾಕಾನಿಗೆ ಸಣ್ಣ ಮಾತು. ಅವನ ಕಣ್ಣು ಬೀಳುವುದು ಕುಸುಬಿಯ ಮೇಲೆ. ಕೇಸರಿ ಹಳದಿ ಕುಚ್ಚು ಕಟ್ಟಿದ ಕುಸುಬಿ ಸಾಲು ಮೊಬೈಲಿನಲ್ಲಿ ಬೆಂಕಿ ಹತ್ತಿದಂತೆ ಬರುತ್ತದೆ. ಹೋದ ವರ್ಷ ಸಂಕ್ರಮಣಕ್ಕೆ ಬಂದ ಇಬ್ಬರು ಅತ್ತೆಯಂದಿರು, ಚಿಗವ್ವ, ಮೊದಲ ಸಲ ಇಳಕಲ್ ಸೀರೆ ಉಟ್ಟ ನನ್ನ ತಂಗಿ ಎಲ್ಲರನ್ನೂ ಕಾಕಾ ಕುಸುಬಿಯ ನಟ್ಟನಡುವೆ ಕೂಡಿಸಿದ. ಬದುವಿನ ಮೇಲಿಂದ ತೆಗೆದರೆ ಬರೀ ಹೂ, ಹೂವಿನಲ್ಲಿ ನಾಲ್ಕು ಮುಖ. ಕಲ್ಪನೆಯೇನೋ ಚೆನ್ನಾಗಿಯೇ ಇತ್ತು.

ಕುಸುಬಿಯನ್ನು ಹೊಲದ ಅಂಚಿಗೆ ನಾಲ್ಕು ಸಾಲು ಯಾಕೆ ಬಿತ್ತುತ್ತಾರೆ ಎಂಬುದನ್ನು ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ಬರೆದಿರುವುದಿಲ್ಲ. ದನ ಒಳಗೆ ಬರಬಾರದೆಂದು. ಎಲೆಯ ಅಂಚಿಗೆ, ಹೂವಿನ ಬುಡಕ್ಕೆ ಸೂಜಿಯಂಥ ಮುಳ್ಳು. ಕೊಯ್ಯುವವರು ಕೈಗೆ, ಕಾಲಿಗೆ ಅರಿವೆ ಸುತ್ತಿಕೊಂಡೇ ಇಳಿಯುತ್ತಾರೆ. ಎಮ್ಮೆಯೇ ದೂರದಿಂದ ನೋಡಿ ಹೊರಳುವ ಬೆಳೆಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ರೇಷ್ಮೆ ಉಟ್ಟು ಕುಳಿತರು.

"ನಗ್ರಿ," ಅಂದ ಕಾಕಾ.

"ಲಗೂ ತಗೀರಿ ಮಾರಾಯ್ರ," ಅಂದಳು ಚಿಗವ್ವ.

"ಹಂಗಲ್ಲ, ಸಹಜ ನಗ್ರಿ. ತಡೀರಿ, ಇನ್ನೊಂದು!"

ಏಳುವಾಗ ತಂಗಿಯ ಸೀರೆಯ ಟೋಪ ತೆನೆ ಸೆರಗು ಕುಸುಬಿಯಲ್ಲೇ ಉಳಿಯಿತು. ದೊಡ್ಡತ್ತೆಯ ಕಾಲಿನಿಂದ ಮುಳ್ಳು ತೆಗೆಯಲು ರಾತ್ರಿ ಹತ್ತರವರೆಗೆ ಸೂಜಿ, ಬ್ಯಾಟರಿ ಹಿಡಿದು ಕುಳಿತಿದ್ದು ಅದೇ ಚಿಗವ್ವ. ಅದರ ಫೋಟೋ ತೆಗೆಯಲು ಬಂದ ಕಾಕಾನಿಗೆ ಅಂದು ಆಕೆ ಅಂದ ಮಾತನ್ನು ಇಲ್ಲಿ ಬರೆಯಲಾರೆ.

ಗುಂಡ್ಲುಪೇಟೆ ಕಡೆ ಹೆದ್ದಾರಿಯ ಮಗ್ಗುಲಿಗೆ ಸೂರ್ಯಕಾಂತಿ ಅರಳಿದಾಗ ಸೆಲ್ಫಿಯವರು ಬೆಳೆ ತುಳಿದು ತುಳಿದು ಸಾಕಾಗಿ ರೈತರು ಹೊಲಕ್ಕಿಳಿಯಲು ತಲೆಗಿಷ್ಟು ಎಂದು ರೊಕ್ಕ ಇಸಿದುಕೊಳ್ಳುತ್ತಾರಂತೆ. ಅದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ನಮ್ಮ ಕಡೆ ಇನ್ನೂ ಆ ನಾಗರಿಕತೆ ಬಂದಿಲ್ಲ. ಹೊಲ ತುಳಿದ ಕಾಕಾನನ್ನು ಹೊಲದವನು ಮೊದಲು ಬೈಯುತ್ತಾನೆ, ಆಮೇಲೆ ಯಾರ ಮನಿಯವರು ಎಂದು ಕೇಳುತ್ತಾನೆ, ಆಮೇಲೆ ಮಜ್ಜಿಗೆ ಕೊಡುತ್ತಾನೆ. ಕಾಕಾ ಮಜ್ಜಿಗೆಯ ಫೋಟೋ ತೆಗೆಯುತ್ತಾನೆ.

ಹೋಳಿಗೆ ಕಾಕಾ ನರಗುಂದದಲ್ಲಿರುತ್ತಾನೆ. ಅದು ಚಿಗವ್ವನ ತವರು. ಆ ಸೀಮೆಯವರಿಗೆ ಕಾಮಣ್ಣನೆಂದರೆ ಜೀವ. ಪಕ್ಕದ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ದೂರದೂರದಿಂದ ಜನ ಬರುತ್ತಾರೆ. ನರಗುಂದದವರು ಮೊದಲೇ ಬಿಸಿ ರಕ್ತದವರು. 1858ರಲ್ಲಿ ಇಲ್ಲಿಯ ದೊರೆ ಬಾಬಾಸಾಹೇಬ ಇಂಗ್ಲಿಷರ ಮೇಲೆ ಎದ್ದದ್ದು ಇಲ್ಲಿಂದ, 1980ರ ಜುಲೈ 21ಕ್ಕೆ ರೈತರು ಬಂಡೆದ್ದದ್ದು ಇಲ್ಲಿಂದ. ಅಂಥ ಊರಿನಲ್ಲಿ ಹೋಳಿಯ ರಾತ್ರಿ ಹುಡುಗರು ಕಟ್ಟಿಗೆ, ಕುಳ್ಳು ಕದಿಯುವಾಗ ಬೆನ್ನ ಹಿಂದೆ ಫ್ಲ್ಯಾಶ್ ಹಾಕಿಕೊಂಡು ತಿರುಗುವುದಕ್ಕೆ ಧೈರ್ಯ ಬೇಕು. ಕಾಮನ ಸುಡಲು ಕದ್ದ ಕಟ್ಟಿಗೆಯೇ ಆಗಬೇಕೆಂಬುದು ರೂಢಿ. ಕಳಕೊಂಡವರು ಬೆಳಗ್ಗೆ ಬೈಯುತ್ತಾರೆ, ಯಾರು ಒಯ್ದರೆಂದು ಯಾರೂ ಕೇಳುವುದಿಲ್ಲ, ಹಬ್ಬ ಮುಗಿಯುತ್ತದೆ. ಸಾಕ್ಷಿ ಇಲ್ಲದಿರುವುದರಿಂದಲೇ ಈ ಪದ್ಧತಿ ಇಷ್ಟು ಕಾಲ ನಡೆದು ಬಂದಿದೆ.

ಕಾಕಾ ಸಾಕ್ಷಿ ಒದಗಿಸಿದ. ಬೆಂಕಿಗೆ ಹಲಗೆ ಕಾಯಿಸುವ ಹುಡುಗರು, ಬೊಬ್ಬೆ ಹೊಡೆಯುವ ಬಾಯಿಗಳು, ಕಿಡಿ ಹಾರುವ ಕತ್ತಲೆ. ಫೋಟೋ ನಿಜಕ್ಕೂ ಚಂದ ಬಂದಿತ್ತು, ಅದನ್ನು ಒಪ್ಪಲೇಬೇಕು. ಬೆಳಗ್ಗೆ ಆರಕ್ಕೆ ಸ್ಟೇಟಸ್ಸಿಗೆ ಏರಿಸಿದ. ಚಿಗವ್ವನ ಅಣ್ಣ ಆರರಿಂದ ಹಿತ್ತಲಲ್ಲಿ ತನ್ನ ಕುಂಟಿ ಹುಡುಕುತ್ತಿದ್ದ. ಹಿಂದಿನ ವಾರವಷ್ಟೇ ಬಡಿಗೇರನ ಕಡೆ ಹೊಸ ದಿಂಡು ಹಾಕಿಸಿ, ಗುರುತಿಗೆ ನೀಲಿ ಬಣ್ಣ ಹಚ್ಚಿದ್ದ. ಹತ್ತಕ್ಕೆ ಬೇಸತ್ತು ಕಟ್ಟೆಯ ಮೇಲೆ ಕುಳಿತು ಮೊಬೈಲ್ ತೆರೆದ. ಕಾಮಣ್ಣನ ಕಾಲಬುಡದಲ್ಲಿ ನೀಲಿ ಬಣ್ಣದ ಕುಂಟಿ ಧಗಧಗ ಉರಿಯುತ್ತಿತ್ತು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಕುಂಟಿಯನ್ನು ಬೆಂಕಿಗೆ ನೂಕುತ್ತಿದ್ದ ಕೈ, ಕೈಗೆ ಕಟ್ಟಿದ ಗಡಿಯಾರ, ಗಡಿಯಾರದ ಮೇಲೆ ಹಲ್ಲು ಕಿಸಿದ ಮುಖ. ಅವನದೇ ಮಗ.

ಮುಂದಿನದು ಮನೆಯೊಳಗಿನ ಮಾತು. ಓಕುಳಿ ಆಡಲು ಆ ಹುಡುಗನಿಗೆ ಬೇರೆ ಬಣ್ಣ ಬೇಕಾಗಲಿಲ್ಲ. ಕಾಕಾ ಮಾತ್ರ ಸಂಜೆಯ ಬಸ್ಸಿಗೇ ರೋಣಕ್ಕೆ ಬಂದ. ಈಗ ನರಗುಂದದ ಹುಡುಗರು ಹೋಳಿಯ ರಾತ್ರಿ ಕಾಕಾನ ಮೊಬೈಲನ್ನು ಮೊದಲು ಕದಿಯುತ್ತಾರೆ, ಆಮೇಲೆ ಕಟ್ಟಿಗೆ.

ಹೋಳಿಯ ಹಿಂದುಮುಂದಿನ ದಿನಗಳಲ್ಲಿ ಗಜೇಂದ್ರಗಡದ ಗುಡ್ಡದ ಕಡೆ ಮುತ್ತಲ ಅರಳುತ್ತದೆ. ಎಲೆಯೆಲ್ಲ ಉದುರಿ ಬೋಳಾದ ಗಿಡಕ್ಕೆ ಗಿಳಿಯ ಕೊಕ್ಕಿನಂಥ ಕೆಂಪು ಹೂ. ವಾಸನೆ ಇಲ್ಲ, ಹಕ್ಕಿಗಳನ್ನು ಕರೆಯಲು ಬಣ್ಣವೊಂದೇ ಸಾಕು ಅದಕ್ಕೆ. ನೆರಳಿನಲ್ಲಿ ಒಣಗಿಸಿ ಕುದಿಸಿದರೆ ಹಳದಿ ಕೇಸರಿ ಬಣ್ಣ ಬಿಡುತ್ತದೆ, ಹಿಂದೆ ಓಕುಳಿಗೆ ಅದೇ ಆಗುತ್ತಿತ್ತು. ಎಲೆ ಬಂದ ಮೇಲೆ ಮದುವೆಯ ಪತ್ರಾವಳಿ. ಇಷ್ಟೆಲ್ಲ ಉಪಯೋಗ ಇರುವ ಗಿಡವನ್ನು ಕಾಕಾ ಹಿನ್ನೆಲೆ ಎಂದು ಕರೆಯುತ್ತಾನೆ. ಗುಡ್ಡದ ಮೇಲಿನ ಗಾಳಿಯಂತ್ರಗಳೂ ಅವನ ಲೆಕ್ಕದಲ್ಲಿ ಹಿನ್ನೆಲೆಯೇ. ಅವುಗಳ ರೆಕ್ಕೆಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುವತನಕ ತಡೀರಿ ಎಂದು ನಮ್ಮನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿದ್ದುಂಟು.

ಈ ಗುಡ್ಡದ ಮಗ್ಗುಲಲ್ಲೇ ಕಾಕಾನ ಜೀವಮಾನದ ಆಸೆ ಕುಳಿತಿದೆ. ಕಾಲಕಾಲೇಶ್ವರನ ಗುಡಿ. ಮೆಟ್ಟಿಲು ಹತ್ತಿ ಹೋದರೆ ಬಂಡೆಯ ಸಂದಿನಿಂದ, ಗಿಡದ ಬೇರಿನಿಂದ ಬೇಸಿಗೆಯಲ್ಲೂ ನೀರು ಇಳಿಯುತ್ತದೆ, ಅಂತರಗಂಗೆ ಎನ್ನುತ್ತಾರೆ. ಯುಗಾದಿಯ ಮುನ್ನಾದಿನ ರಾತ್ರಿ ಗುಡಿಯಲ್ಲಿ ಸುಣ್ಣ ಕಲಸಿ, ಕುಂಚ ಇಟ್ಟು, ನೈವೇದ್ಯದ ಜೊತೆ ಒಂದು ಹುಕ್ಕಾನೂ ಇಟ್ಟು ಬರುತ್ತಾರೆ. ಬೆಳಗಾಗುವುದರೊಳಗೆ ಗೋಡೆಗೆ ಸುಣ್ಣ ಬಳಿದಿರುತ್ತದೆ, ಬಳಿಯುವ ಕೈ ಮನುಷ್ಯರದಲ್ಲ ಎಂಬುದು ತಲೆತಲಾಂತರದ ನಂಬಿಕೆ. ಇದನ್ನು ನಂಬುವವರಿದ್ದಾರೆ, ನಂಬದೆ ನಗುವವರಿದ್ದಾರೆ. ಎರಡೂ ಪಕ್ಷಕ್ಕೆ ಸೇರದವನು ಕಾಕಾ ಒಬ್ಬನೇ. ಬಳಿಯುವವರು ಯಾರಾದರೂ ಆಗಿರಲಿ, ಅವರು ಒಂದು ಗಳಿಗೆ ಇತ್ತ ನೋಡಬೇಕು ಎಂಬುದಷ್ಟೇ ಅವನ ಅಪೇಕ್ಷೆ.

2025ರ ಯುಗಾದಿ ಮಾರ್ಚ್ 30ಕ್ಕೆ ಇತ್ತು. ಹಿಂದಿನ ದಿನ ಅವನ ಜೊತೆ ನಾನೂ ಹೋದೆ. ಸಂಜೆಯ ಹೊತ್ತಿಗೆ ಕಾಕಾ ಗೋಡೆಯನ್ನು ಮೂಲೆ ಮೂಲೆಯಿಂದ ತೆಗೆದುಕೊಂಡ. "ಇದು ಮೊದಲಿನದು. ಮುಂಜಾನೆ ಆಮ್ಯಾಲಿಂದು ಸಿಗತೈತಿ. ನಡಬರಕಿಂದು ಒಂದ ಉಳಿದೈತಿ ನೋಡು," ಎಂದು ಕೈ ಹಿಸುಕಿಕೊಂಡ. ಮೆಟ್ಟಿಲ ಮೇಲೆ ಕುಳಿತಿದ್ದ ಮುದುಕರೊಬ್ಬರ ಹತ್ತಿರ ಹೋಗಿ, ಒಳಗೆ ಒಂದು ಮೂಲೆಗೆ ಮೊಬೈಲ್ ವಿಡಿಯೋ ಚಾಲೂ ಮಾಡಿ ಇಟ್ಟು ಹೋಗಲೇನು, ಪವರ್ ಬ್ಯಾಂಕ್ ಸಹ ಐತಿ ಎಂದು ಕೇಳಿದ.

ಮುದುಕರು ತಂಬಾಕು ತಿಕ್ಕುತ್ತಿದ್ದರು. ತಲೆ ಎತ್ತದೆ ಹೇಳಿದರು: "ಇಟ್ಟು ಹೋಗ್ರಿ ಅದಕೇನು. ಮುಂಜಾನೆ ಅದಕ್ಕೂ ಸುಣ್ಣ ಬಡದಿರತೈತಿ."

ಕಾಕಾ ಮೊಬೈಲನ್ನು ಸಂಚಿಗೆ ಹಾಕಿಕೊಂಡ. ಆಮೇಲೆ ಅದನ್ನೇ ಮತ್ತೆ ಹೊರಗೆ ತಂದು, ಮುಚ್ಚಿದ ಬಾಗಿಲಿನ ಫೋಟೋ ಹನ್ನೊಂದು ತೆಗೆದ. ಅವನ ಸಾವಿರಾರು ಫೋಟೋಗಳಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಆ ಬಾಗಿಲಿನದು. ಯಾರೂ ನಗುತ್ತಿಲ್ಲ, ಯಾರನ್ನೂ ನಿಲ್ಲಿಸಿಲ್ಲ, ಮರದ ಮೇಲೆ ಸಂಜೆ ಬಿಸಿಲು ಮಾತ್ರ.

ಯುಗಾದಿಯ ದಿನ ನಮ್ಮ ಮನೆಯ ಬೇವು ಕುಡಿಯುವುದಕ್ಕೆ ಮಧ್ಯಾಹ್ನವಾಗುತ್ತದೆ. ಹಳೇ ಮೈಸೂರಿನವರಂತೆ ಚಿಟಿಕೆ ಬೇವು–ಬೆಲ್ಲ ಬಾಯಿಗೆ ಹಾಕಿಕೊಂಡು ಮುಗಿಸುವ ಹಬ್ಬ ನಮ್ಮದಲ್ಲ. ನಮ್ಮಲ್ಲಿ ಬೇವೆಂದರೆ ತಂಬಿಗೆಗಟ್ಟಲೆ ಪಾನಕ. ಹುಣಸೆ ಹುಳಿ, ಬೆಲ್ಲ, ಮಾವಿನಕಾಯಿ, ಪುಠಾಣಿ ಹಿಟ್ಟು, ಗಸಗಸೆ, ಒಣದ್ರಾಕ್ಷಿ, ಉತ್ತತ್ತಿ, ಕೊಬ್ಬರಿ, ಮೇಲೆ ತೇಲುವ ಬೇವಿನ ಹೂ. ಗಂಟಲಿಗೆ ತಂಪು. ಆದರೆ ಇಟ್ಟಷ್ಟು ಹೊತ್ತು ಹೂವಿನ ಕಹಿ ಬಿಡುತ್ತ ಹೋಗುತ್ತದೆ. ಹದಿನಾರು ಜನ ಹದಿನಾರು ಲೋಟ ಎತ್ತಿ ಹಿಡಿದು ಕಾಕಾ ಹ್ಞೂಂ ಅನ್ನುವತನಕ ನಿಲ್ಲಬೇಕು. ಮಕ್ಕಳು ಗುಟ್ಟಾಗಿ ಗುಟುಕರಿಸುತ್ತಾರೆ, ಲೋಟದ ಮಟ್ಟ ಇಳಿಯುತ್ತದೆ, ಫೋಟೋದಲ್ಲಿ ಸಮ ಕಾಣುವುದಿಲ್ಲ, ಚಿಗವ್ವ ಮತ್ತೆ ತುಂಬುತ್ತಾಳೆ. ಕೊನೆಗೆ ಕುಡಿಯುವಾಗ ಅದು ಕಹಿಯೋ ಕಹಿ. ವರ್ಷವಿಡೀ ಏನು ಬಂದರೂ ನುಂಗಬೇಕು ಎಂಬುದಕ್ಕೆ ಕಾಕಾನಿಗಿಂತ ಒಳ್ಳೆಯ ತರಬೇತಿ ಇಲ್ಲ.

ಸಂಜೆ ಚಂದ್ರ. ಯುಗಾದಿಯ ಚಂದ್ರನೆಂದರೆ ಕತ್ತರಿಸಿ ಒಗೆದ ಉಗುರು; ಮಾಳಿಗೆ ಹತ್ತಿ ಒಬ್ಬರಿಗೊಬ್ಬರು ಬೆರಳು ತೋರಿಸಿ, ಅಗೋ ಆ ಬೇವಿನ ಗಿಡದ ತುದಿಗೆ ಎಂದು ಹುಡುಕುವುದೇ ಹಬ್ಬ. ಮೊಬೈಲಿಗೆ ಅದು ಸಿಗುವುದಿಲ್ಲ. ಆಕಾಶವೆಲ್ಲ ಬೂದಿ ಬಣ್ಣವಾಗಿ, ನಡುವೆ ಸೊಳ್ಳೆ ಕೂತಂತೆ ಒಂದು ಬಿಳಿ ಚುಕ್ಕೆ. ಕಾಕಾ ಅದಕ್ಕೆ ಕೆಂಪು ಗೆರೆಯಿಂದ ಸುತ್ತು ಹಾಕಿ, ಚಂದ್ರ ಎಂದು ಬರೆದು, ಬಾಣದ ಗುರುತು ಹಾಕಿ ಮನೆಯವರ ಗ್ರೂಪಿಗೆ ಕಳಿಸಿದ. ಬೆಂಗಳೂರಿನ ಕಟ್ಟಡಗಳ ನಡುವೆ ಚಂದ್ರ ಕಾಣದ ಸೋದರಮಾವ ಆ ಫೋಟೋಕ್ಕೇ ಕೈಮುಗಿದ. ಅಮೆರಿಕದಲ್ಲಿ ಆಗಿನ್ನೂ ಬೆಳಗಾಗುತ್ತಿತ್ತು. ಅಲ್ಲಿರುವ ನಮ್ಮ ಮನೆಯ ಮಗಳೊಬ್ಬಳು ಹಲ್ಲು ತಿಕ್ಕುವ ಮೊದಲೇ ಚಂದ್ರದರ್ಶನ ಮಾಡಿದಳು. ಮಾಳಿಗೆಯ ಮೇಲಿದ್ದ ನಾವು ಅಸಲಿ ಚಂದ್ರನನ್ನು ಬಿಟ್ಟು ಕಾಕಾನ ಮೊಬೈಲಿಗೆ ಮುತ್ತಿಕೊಂಡಿದ್ದಾಗ, ಆಯಿ ಒಬ್ಬಳೇ ಪಡುವಣಕ್ಕೆ ಮುಖ ಮಾಡಿ ನಿಂತು, ಚಂದ್ರನನ್ನೂ ಅವನು ಮುಳುಗುವುದನ್ನೂ ನೋಡಿ ಕೆಳಗಿಳಿದಳು.

ಇಂಥ ಕಾಕಾನಿಗೆ ಗಂಡಾಂತರ ಬಂದದ್ದು ನನ್ನ ತಂಗಿಯಿಂದ. ಆಕೆ ಶಾಲೆಯಲ್ಲಿ ಕಲಿಸುತ್ತಾಳೆ. ಕುಸುಬಿಯಲ್ಲಿ ಸೆರಗು ಕಳಕೊಂಡ ಸಿಟ್ಟು ಆರಿರಲಿಲ್ಲವೋ ಏನೋ, ಒಂದು ದಿನ ನಯವಾಗಿ ಕೇಳಿದಳು: "ಕಾಕಾ, ಮುತ್ತಲ ಹೂ ಹೋದ ಐದು ವರ್ಷದಾಗ ಯಾವ್ಯಾವ ತಾರೀಖಿಗೆ ಬಿಟ್ಟಿತ್ತು, ನಿನ್ನ ಫೋಟೋ ನೋಡಿ ಹೇಳ್ತೀ?" ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಮೈತುಂಬ ಅರಳಿದ ದಿನದ ಲೆಕ್ಕ ಕ್ರಿ.ಶ. 812ರಿಂದ ಸಿಗುತ್ತದಂತೆ. ರಾಜರ ಮನೆಯವರು, ಮಠದವರು ದಿನಚರಿಯಲ್ಲಿ ಬರೆದಿಟ್ಟದ್ದನ್ನು ಯಾಸುಯುಕಿ ಆವೊನೊ ಎಂಬ ವಿದ್ವಾಂಸರು ಒಂದೊಂದಾಗಿ ಹೆಕ್ಕಿ ಜೋಡಿಸಿದರು. 2021ರಲ್ಲಿ ಅದು ಮಾರ್ಚ್ 26ಕ್ಕೇ ಅರಳಿತು. ಸಾವಿರದ ಇನ್ನೂರು ವರ್ಷಗಳಲ್ಲಿ ಅಷ್ಟು ಬೇಗ ಅರಳಿದ್ದಿಲ್ಲ ಎಂದು ಹೇಳಲು ಸಾಧ್ಯವಾದದ್ದು ಆ ಹಳೇ ದಿನಚರಿಗಳಿಂದ. ಅವುಗಳಲ್ಲಿ ಒಂದು ಸಾವಿರ ವರ್ಷದ ಲೆಕ್ಕ ಕ್ಯಾಮೆರಾ ಹುಟ್ಟುವ ಮೊದಲಿನದು. "ಅವರ ಕಡೆ ಮೊಬೈಲ್ ಇರಲಿಲ್ಲ. ನಿನ್ನ ಕಡೆ ಐತಲ್ಲ," ಅಂದಳು.

ಕಾಕಾ ಉಬ್ಬಿಹೋದ. ಮೂರು ದಿನ ಪಡಸಾಲೆಯಲ್ಲಿ ಕುಳಿತು ಹುಡುಕಿದ. ಮುತ್ತಲ ಸಿಕ್ಕಿತು, ಒಂದಲ್ಲ, ಮುನ್ನೂರು ಸಿಕ್ಕವು. ದಿನ ಸಿಗಲಿಲ್ಲ. ಎರಡು ಮೊಬೈಲ್ ಬದಲಿಸಿದಾಗ ಮೂಲ ಫೋಟೋಗಳು ಹೋಗಿದ್ದವು. ಉಳಿದದ್ದು ವಾಟ್ಸ್‌ಆ್ಯಪ್ಪಿನಲ್ಲಿ ಅವರಿಂದಿವರಿಗೆ ಹೋಗಿ ತಿರುಗಿ ಬಂದವು. ಹಾಗೆ ಕಳಿಸಿದ ಫೋಟೋ ಕುಗ್ಗುತ್ತದೆ, ತೆಗೆದ ಹೊತ್ತು, ಜಾಗ ಎಲ್ಲ ಅದರ ಹೊಟ್ಟೆಯಿಂದ ಕಳಚಿ ಬೀಳುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ, ಆದರೆ ಕಾಕಾನಿಗೆ ಡಾಕ್ಯುಮೆಂಟ್ ಅಂದರೆ ಉತಾರ ಮಾತ್ರ. ನಾಲ್ಕನೆಯ ದಿನ ಹಳೇ ಆಲ್ಬಂ ಹೊರಗೆ ತೆಗೆದ. ಅಲ್ಲಿ ಒಂದು ಮುತ್ತಲದ ಫೋಟೋ ಇತ್ತು, ಇಡೀ ಆಲ್ಬಮ್ಮಿಗೆ ಒಂದೇ. ಹಿಂದೆ ನೀಲಿ ಶಾಯಿಯಲ್ಲಿ ಅವನದೇ ಮುತ್ತಿನಂಥ ಲೆಕ್ಕದ ಅಕ್ಷರ: ಗಜೇಂದ್ರಗಡ ಗುಡ್ಡ, ಶಿವರಾತ್ರಿ ಮರುದಿನ, 1989. ಕೆಳಗೆ ಖರ್ಚನ್ನೂ ಬರೆದಿದ್ದ.

ಅದನ್ನು ಬಹಳ ಹೊತ್ತು ಹಿಡಿದು ಕುಳಿತಿದ್ದ. ಫೋಟೋ ತೆಗೆಯಲಿಲ್ಲ.

ತಂಗಿ ಅಲ್ಲಿಗೇ ಬಿಡಲಿಲ್ಲ. ಸೀಸನ್‌ವಾಚ್ ಎಂಬ ಯೋಜನೆಯೊಂದು ನಮ್ಮ ದೇಶದಲ್ಲಿದೆ. ಮನೆಯ ಹತ್ತಿರದ ಒಂದು ಮರ ಆರಿಸಿಕೊಂಡು ಚಿಗುರು, ಹೂ, ಕಾಯಿ ಎಷ್ಟಿವೆ ಎಂದು ವಾರಕ್ಕೊಮ್ಮೆ ನೋಡಿ ಬರೆಯುವುದು. ಮಾಸ್ತರರು, ಶಾಲೆಯ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಮಾಡುತ್ತಾರೆ. ಆಕೆ ನಮ್ಮ ಹಿತ್ತಲ ಬೇವಿನ ಮರವನ್ನು ಕಾಕಾನ ಹೆಸರಿಗೆ ಹಚ್ಚಿದಳು. ಇಲ್ಲ, ಸ್ವಲ್ಪ, ಬಹಳ. ಈ ಮೂರರಲ್ಲಿ ಒಂದು ಬರೆದರೆ ಸಾಕು.

"ಫೋಟೋ?" ಅಂದ ಕಾಕಾ.

"ಬ್ಯಾಡ. ಬರೇ ಕಣ್ಣಿಲೆ ನೋಡೋದು."

"ಬರೇ ಕಣ್ಣಿಲೆ ನೋಡಿದರ ಯಾರು ನಂಬತಾರವಾ?"

ಆ ದಿನ ಊಟ ಮಾಡಲಿಲ್ಲ ಎಂದು ಚಿಗವ್ವ ಹೇಳುತ್ತಾಳೆ. ಆದರೂ ಮರುವಾರ ಸೊಸೈಟಿಯ ಕಾಲದ ಕೆಂಪು ಹೊದಿಕೆಯ ವಹಿ ಹುಡುಕಿ ತೆಗೆದ, ಸ್ಕೇಲು ಹಿಡಿದು ಕಾಲಂ ಎಳೆದ. ಪ್ರತಿ ಬುಧವಾರ ಬೆಳಗ್ಗೆ ಚಹಾ ಕಪ್ಪು ಹಿಡಿದು ಬೇವಿನ ಬುಡಕ್ಕೆ ಕುರ್ಚಿ ಹಾಕಿಕೊಳ್ಳುತ್ತಾನೆ. ಮೊದಲ ವಾರ ಹತ್ತು ನಿಮಿಷಕ್ಕೆ ಎದ್ದ. ಈಗ ಚಹಾ ಆರಿರುತ್ತದೆ, ಇವನು ಎದ್ದಿರುವುದಿಲ್ಲ. ಒಂದೇ ಮರದಲ್ಲಿ ಮೂಡಣದ ಟೊಂಗೆ ಮೊದಲು ಚಿಗಿಯುತ್ತದೆ, ಬಚ್ಚಲ ಕಡೆಯದು ಹಿಂದೆ ಬೀಳುತ್ತದೆ ಎಂದು ನನಗೆ ಫೋನ್ ಮಾಡಿ ಹೇಳಿದ. ಅರವತ್ತೆಂಟು ವರ್ಷ ಆ ಮರದ ಕೆಳಗೇ ಇದ್ದವನು.

ಈ ವರ್ಷದ ಯುಗಾದಿ ಮಾರ್ಚ್ 19ಕ್ಕೇ ಬಂತು. ಹಿಂದಿನ ದಿನ, ಬುಧವಾರ, ವಹಿಯಲ್ಲಿ ಬರೆದಿದ್ದ: ಬೇವು. ಚಿಗುರು ಬಹಳ. ಹೂ ಸ್ವಲ್ಪ. ಕಾಯಿ ಇಲ್ಲ. ಪಾನಕಕ್ಕೆ ಸಾಲಬಹುದು.

ಬರೆದು ಮುಗಿಸಿ ಆ ಪುಟದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಮೊದಲನೆಯದು ಅಲುಗಿತ್ತಂತೆ, ಇನ್ನೊಂದು ತೆಗೆದನಂತೆ.